ಎರಡನೇ ಸಲ ಫಿಂಗರ್‌ಪ್ರಿಂಟ್‌ಗೆ ಕರೆದಿದ್ದಾರೆ. ಗ್ರೀನ್ ಕಾರ್ಡ್ ಹತ್ತಿರ ಬಂತು ಅಂತ ಲೆಕ್ಕ ಹಾಕಬಹುದಾ?

ತುಂಗೆಯ_ದಡ
ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಬಿ-3 (ಉದ್ಯೋಗದ ಮೂರನೇ ವಿಭಾಗ), ಪ್ರಯಾರಿಟಿ ಡೇಟ್ (ಸಾಲಿನಲ್ಲಿ ನಮ್ಮ ಜಾಗ ಗೊತ್ತುಮಾಡುವ ತಾರೀಖು) 2014 ನವೆಂಬರ್. 2020ರ ಅಕ್ಟೋಬರ್‌ನಲ್ಲಿ ಎಲ್ಲರ ಜೊತೆ ನಾವೂ ಐ-485 (ಗ್ರೀನ್ ಕಾರ್ಡ್ ಅರ್ಜಿ) ಹಾಕಿದೆವು. 2021ರಲ್ಲಿ ಒಮ್ಮೆ ಬೆರಳಚ್ಚು ಕೊಟ್ಟು ಬಂದಿದ್ದೆವು. ಆಮೇಲೆ ಫೈಲ್ ಕಡೆಯಿಂದ ಸದ್ದೇ ಇರಲಿಲ್ಲ. ಈಗ ಇದ್ದಕ್ಕಿದ್ದಂತೆ ನನಗೆ, ಯಜಮಾನರಿಗೆ, ಮಗನಿಗೆ ಮೂವರಿಗೂ ಮತ್ತೆ ಬಯೋಮೆಟ್ರಿಕ್ಸ್ ನೋಟಿಸ್ ಬಂದಿದೆ.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅಭಿನಂದನೆ ಹೇಳುತ್ತಿದ್ದಾರೆ. "ಎರಡನೇ ಫಿಂಗರ್‌ಪ್ರಿಂಟ್ ಅಂದ್ರೆ ಆಫೀಸರ್ ಫೈಲ್ ಕೈಗೆತ್ತಿಕೊಂಡಿದ್ದಾರೆ, ಇನ್ನು ಕೆಲವೇ ವಾರ" ಅನ್ನುತ್ತಿದ್ದಾರೆ. ಆದರೆ ಫೈನಲ್ ಆಕ್ಷನ್ ಚಾರ್ಟ್‌ನಲ್ಲಿ (ಯಾವ ತಾರೀಖಿನವರೆಗೆ ಕಾರ್ಡ್ ಕೊಡಬಹುದು ಅಂತ ಹೇಳುವ ಪಟ್ಟಿ) ನಮ್ಮ ತಾರೀಖು ಇನ್ನೂ ಬಂದಿಲ್ಲ.

ಶಿವಮೊಗ್ಗದಲ್ಲಿ ತಂಗಿಯ ಮದುವೆ ಗೊತ್ತಾಗಿದೆ. ಟಿಕೆಟ್ ತಗೊಳ್ಳಬೇಕಾ, ಕಾರ್ಡ್ ಬರುವವರೆಗೆ ಕಾಯಬೇಕಾ ಅನ್ನುವುದೇ ನಮ್ಮ ಚಿಂತೆ. ಬೆರಳಚ್ಚಿನ ತಾರೀಖಿನಿಂದ ಅಪ್ರೂವಲ್ ಯಾವಾಗ ಅಂತ ಅಂದಾಜು ಮಾಡಿದವರು ಇದ್ದರೆ ದಯವಿಟ್ಟು ಹೇಳಿ.

ಡಲ್ಲಾಸ್_ಜೋಳದರೊಟ್ಟಿ
ನಮಗೂ ಹಾಗೇ ಆಯಿತು. ಬೆರಳಚ್ಚು ಕೊಟ್ಟ ತಿಂಗಳೊಳಗೆ ಕಾರ್ಡ್ ಮನೆಗೆ ಬಂತು. ಧೈರ್ಯವಾಗಿರಿ, ಬಂದೇ ಬರುತ್ತದೆ.

ಹಳೇ_ಫೈಲ್
@ಡಲ್ಲಾಸ್_ಜೋಳದರೊಟ್ಟಿ ಯಾವ ವರ್ಷ? ನಿಮ್ಮ ಪ್ರಯಾರಿಟಿ ಡೇಟ್ ಎಷ್ಟಿತ್ತು?

ಡಲ್ಲಾಸ್_ಜೋಳದರೊಟ್ಟಿ
2021 ಸೆಪ್ಟೆಂಬರ್. ಇಬಿ-3, ಪ್ರಯಾರಿಟಿ ಡೇಟ್ 2013 ಅಕ್ಟೋಬರ್.

ಹಳೇ_ಫೈಲ್
ಹಾಗಾದರೆ ಕಾರ್ಡ್ ತಂದುಕೊಟ್ಟಿದ್ದು ಬೆರಳಚ್ಚಲ್ಲ. 2021ರ ಸೆಪ್ಟೆಂಬರ್ ವೀಸಾ ಬುಲೆಟಿನ್‌ನಲ್ಲಿ (ಸರ್ಕಾರ ಪ್ರತಿ ತಿಂಗಳು ಹೊರಡಿಸುವ ತಾರೀಖುಗಳ ಪ್ರಕಟಣೆ) ಭಾರತದ ಇಬಿ-3 ಫೈನಲ್ ಆಕ್ಷನ್ ಡೇಟ್ 2014 ಜನವರಿ 1ಕ್ಕೆ ಬಂದಿತ್ತು. ನಿಮ್ಮ ತಾರೀಖು ಅದರೊಳಗೆ ಬಿತ್ತು. ನವೆಂಬರ್ ಬುಲೆಟಿನ್‌ನಲ್ಲಿ ಅದೇ ತಾರೀಖು 2012 ಜನವರಿ 15ಕ್ಕೆ ಹಿಂದೆ ಹೋಯಿತು. ಆ ಎರಡು ತಿಂಗಳೊಳಗೆ ವೀಸಾ ನಂಬರ್ (ವರ್ಷದ ಕೋಟಾದಲ್ಲಿ ಒಂದು ಜಾಗ) ಸಿಕ್ಕವರು ಪಾರಾದರು, ಉಳಿದವರು ಉಳಿದರು.

ಆಗ ನಂಬರ್‌ಗಳೂ ಜಾಸ್ತಿ ಇದ್ದವು. ಮಾಮೂಲಿ ವರ್ಷದಲ್ಲಿ ಇಡೀ ಪ್ರಪಂಚಕ್ಕೆ ಉದ್ಯೋಗದ ಲೆಕ್ಕದಲ್ಲಿ 1,40,000. ಕೋವಿಡ್‌ನಲ್ಲಿ ಕಾನ್ಸುಲೇಟ್‌ಗಳು ಮುಚ್ಚಿದ್ದರಿಂದ ಕುಟುಂಬದ ಕೋಟಾ ಉಳಿದು ಈ ಕಡೆ ಬಂತು. 2021ರ ಹಣಕಾಸು ವರ್ಷದಲ್ಲಿ 2,62,288 ಆಯಿತು, 2022ರಲ್ಲಿ 2,81,507. ಅಂಥ ವರ್ಷದ ಅನುಭವ ತಂದು ಈಗಿನವರಿಗೆ "ಕೆಲವೇ ವಾರ" ಅಂತ ಹೇಳಬಾರದು. ಜನ ಅದನ್ನೇ ನಂಬಿ ನಿರ್ಧಾರ ತೆಗೆದುಕೊಳ್ಳುತ್ತಾರೆ.

ಡಲ್ಲಾಸ್_ಜೋಳದರೊಟ್ಟಿ
ನಾನು ಹೇಳಿದ್ದು ನಮ್ಮ ಮನೆಯಲ್ಲಿ ನಡೆದದ್ದನ್ನು. ಅವರಿಗೆ ಸ್ವಲ್ಪ ಸಮಾಧಾನ ಆಗಲಿ ಅಂತ ಅಷ್ಟೇ.

ಕೆರೆಯಂಗಳ
ನಮ್ಮದು ಕೇಳಿ. ಡಲ್ಲಾಸ್‌ನವರು ಹೇಳಿದ ಅದೇ ಕಾಲದಲ್ಲಿ ನಮ್ಮದೂ ಆಯಿತು. ನಾನು ಮತ್ತು ನನ್ನ ಆಫೀಸಿನ ಗೆಳೆಯ ಒಂದೇ ದಿನ, ಒಂದೇ ಸೆಂಟರ್‌ನಲ್ಲಿ, ಹಿಂದೆ ಮುಂದೆ ನಿಂತು ಬೆರಳಚ್ಚು ಕೊಟ್ಟೆವು. ಅವನದು 2013ರ ತಾರೀಖು, ನನ್ನದು 2014 ಫೆಬ್ರವರಿ. ಅವನಿಗೆ ಆ ಸೆಪ್ಟೆಂಬರ್‌ನಲ್ಲೇ ಕಾರ್ಡ್ ಬಂತು. ಈಗ ಸಿಟಿಜನ್‌ಶಿಪ್ ಫಾರ್ಮ್ ತುಂಬುವ ಮಾತಾಡುತ್ತಿದ್ದಾನೆ. ನಾನು ಇಲ್ಲೇ ಇದ್ದೇನೆ. ಬೆರಳಚ್ಚೇ ಲೆಕ್ಕ ಆಗಿದ್ದರೆ ಇಬ್ಬರಿಗೂ ಒಟ್ಟಿಗೆ ಬರಬೇಕಿತ್ತು ಅಲ್ವಾ?

ತುಂಗೆಯ_ದಡ
ಓದಿ ಬೇಜಾರಾಯಿತು. ಆದರೂ ಹೇಳಿದ್ದಕ್ಕೆ ಧನ್ಯವಾದ. ಹಾಗಾದರೆ ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ಕರೆದರು?

ಹಳೇ_ಫೈಲ್
ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ.

ಸೆಂಟರ್‌ನಲ್ಲಿ ನಿಮ್ಮ ಹತ್ತು ಬೆರಳಿನ ಅಚ್ಚು ತೆಗೆದು ಎಫ್‌ಬಿಐಗೆ ಕಳಿಸುತ್ತಾರೆ. ಕೇಸು ಕಟ್ಟಳೆ ಏನಾದರೂ ಇದೆಯಾ ಅಂತ ಅವರು ನೋಡಿ ಉತ್ತರ ಕೊಡುತ್ತಾರೆ. ಈ ಉತ್ತರಕ್ಕೆ 15 ತಿಂಗಳು ಮಾತ್ರ ಬೆಲೆ. ಆಮೇಲೆ ಅದು ಹಳಸಿತು. ಅಪ್ರೂವ್ ಮಾಡುವ ದಿನ ಫೈಲ್‌ನಲ್ಲಿ ತಾಜಾ ಉತ್ತರ ಇರಲೇಬೇಕು. ಹಾಗಾಗಿ ಬಾಕಿ ಉಳಿದ ಫೈಲ್‌ಗಳಿಗೆ ಆಗಾಗ ಹೊಸದಾಗಿ ಚೆಕ್ ಮಾಡಿಸುತ್ತಾರೆ. 2020ರಿಂದ ಈಚೆಗೆ ಎಷ್ಟೋ ಜನರ ಹಳೇ ಅಚ್ಚನ್ನೇ ಮತ್ತೆ ಕಳಿಸಿ ಕೆಲಸ ಮುಗಿಸುತ್ತಾರೆ, ಕರೆಯುವುದೇ ಇಲ್ಲ. ಕೆಲವರನ್ನು ಮತ್ತೆ ಕರೆಯುತ್ತಾರೆ. ಕರೆದವರ ಫೈಲ್ ಮುಂದೆ, ಕರೆಯದವರ ಫೈಲ್ ಹಿಂದೆ ಅಂತ ಏನೂ ಇಲ್ಲ.

ಈಗ ನಂಬರ್ ವಿಷಯ. 1,40,000ದಲ್ಲಿ ಇಬಿ-2ಕ್ಕೆ 28.6 ಪರ್ಸೆಂಟ್, ಇಬಿ-3ಕ್ಕೂ ಅಷ್ಟೇ. ಅಂದರೆ ತಲಾ 40,040. ಒಂದು ದೇಶಕ್ಕೆ 7 ಪರ್ಸೆಂಟ್ ಮಿತಿ. ಭಾರತದವರಿಗೆ ಇಬಿ-3ರಲ್ಲಿ ವರ್ಷಕ್ಕೆ ಸುಮಾರು 2,800 ಬಂತು. ಇದರಲ್ಲಿ ಗಂಡ, ಹೆಂಡತಿ, ಮಕ್ಕಳು ಎಲ್ಲರೂ ಸೇರಿದರು. ಬೇರೆ ದೇಶದವರು ಬಳಸದೆ ಬಿಟ್ಟದ್ದು ಉಳಿದರೆ ಮಾತ್ರ ಇದಕ್ಕಿಂತ ಜಾಸ್ತಿ. 1990ರ ಕಾಯ್ದೆಯ ಲೆಕ್ಕ ಇದು, ಇವತ್ತಿಗೂ ಬದಲಾಗಿಲ್ಲ. ಇಷ್ಟು ಸಣ್ಣ ಬಾಗಿಲಿನ ಮುಂದೆ ಅಷ್ಟು ಜನರನ್ನು ನಿಲ್ಲಿಸಿರುವುದು ಅನ್ಯಾಯ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಿಮ್ಮ ಬೆರಳಚ್ಚು, ಮೆಡಿಕಲ್, ಕೆಲಸದ ಪತ್ರ ಎಲ್ಲವೂ ಸರಿ ಇದ್ದರೂ ತಾರೀಖು ಕರೆಂಟ್ ಆಗದೆ (ಅಂದರೆ ಚಾರ್ಟ್‌ನ ತಾರೀಖು ನಿಮ್ಮದನ್ನು ದಾಟದೆ) ಆಫೀಸರ್‌ಗೆ ವೀಸಾ ನಂಬರ್ ಸಿಗುವುದಿಲ್ಲ. ನಂಬರ್ ಇಲ್ಲದೆ ಅಪ್ರೂವಲ್ ಇಲ್ಲ. ಹಾಲ್ ಟಿಕೆಟ್ ಕೈಗೆ ಬಂದ ದಿನವೇ ರಿಸಲ್ಟ್ ಕೇಳಿದರೆ ಹೇಗೆ?

ಹುಬ್ಬಳ್ಳಿ_ಮಿರ್ಚಿ
ಸರಿಯಾಗಿ ಹೇಳಿದಿರಿ ನೋಡ್ರಿ. ಈ ಪೋಸ್ಟ್ ಮೇಲೆ ಪಿನ್ ಮಾಡ್ರಿ ಯಾರಾದರೂ.

ಸಿಯಾಟಲ್_ಮಳೆ
ನಾನು ಪೂರ್ತಿ ಒಪ್ಪುವುದಿಲ್ಲ. ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ಅಕೌಂಟ್‌ಗೆ ಲಾಗಿನ್ ಆಗಿ, ಬ್ರೌಸರ್‌ನಲ್ಲಿ ಪುಟದ ಹಿಂದೆ ಅಡಗಿರುವ ಡೇಟಾ ತೆಗೆದು ನೋಡಿದರೆ ಪ್ರತಿ ಕೇಸಿಗೂ ಕೋಡ್‌ಗಳು ಕಾಣುತ್ತವೆ. ಬೆರಳಚ್ಚಿನ ಚೆಕ್ ಮುಗಿದಾಗ ಎಫ್‌ಟಿಎ0 ಅಂತ ಬರುತ್ತದೆ. ನಮ್ಮ ಗುಂಪಿನಲ್ಲಿ ಈ ಕೋಡ್ ಬಂದವರಲ್ಲಿ ಎಷ್ಟೋ ಜನರಿಗೆ ಬೇಗನೆ ಅಪ್ರೂವಲ್ ಬಂದಿದೆ. ನಾನೇ ಒಂದು ಶೀಟ್ ಇಟ್ಟುಕೊಂಡಿದ್ದೇನೆ. ಸುಮ್ನೆ ಹೇಳುತ್ತಿಲ್ಲ.

ಕೆರೆಯಂಗಳ
ನನ್ನ ಕೇಸಿಗೆ ಎಫ್‌ಟಿಎ0 ಬಂದು ಎಷ್ಟೋ ಕಾಲವಾಯಿತು. ಮತ್ತೊಂದು ಸಲವೂ ಬಂತು. ಏನೂ ಆಗಿಲ್ಲ.

ಹಳೇ_ಫೈಲ್
@ಸಿಯಾಟಲ್_ಮಳೆ ನಿಮ್ಮ ಶೀಟ್‌ನಲ್ಲಿ ಒಂದು ಕಾಲಂ ಸೇರಿಸಿ. ಕೋಡ್ ಬಂದ ದಿನ ಅವರ ತಾರೀಖು ಕರೆಂಟ್ ಇತ್ತಾ, ಇಲ್ಲವಾ? ಇದ್ದವರನ್ನೂ ಇಲ್ಲದವರನ್ನೂ ಬೇರೆ ಬೇರೆ ಮಾಡಿ ನೋಡಿ. ಇನ್ನೊಂದು ವಿಷಯ. ಕಾರ್ಡ್ ಬಂದವರು ಖುಷಿಯಲ್ಲಿ ಬಂದು ಬರೆಯುತ್ತಾರೆ. ಬರದೇ ಇರುವವರು ಯಾವ ಶೀಟ್‌ನಲ್ಲೂ ಬರೆಯುವುದಿಲ್ಲ.

ಸಿಯಾಟಲ್_ಮಳೆ
ಆ ಕಾಲಂ ಇಲ್ಲ, ನಿಜ. ಸೇರಿಸುತ್ತೇನೆ. ಆದರೆ ತಾರೀಖು ಕರೆಂಟ್ ಇರುವವರಿಗೆ ಇದು ಉಪಯೋಗಕ್ಕೆ ಬರುತ್ತದೆ ಅನ್ನುವುದನ್ನಾದರೂ ಒಪ್ಪಿ. ಕರೆಂಟ್ ಇದ್ದು, ಬೆರಳಚ್ಚು ಹಳೆಯದಾಗಿದ್ದು, ಈಗ ಹೊಸ ಚೆಕ್ ಆಯಿತು ಅಂದರೆ ಒಂದು ಅಡ್ಡಿ ಕಡಿಮೆಯಾದ ಹಾಗೆ.

ಹಳೇ_ಫೈಲ್
ಅದನ್ನು ಒಪ್ಪುತ್ತೇನೆ. ಕರೆಂಟ್ ಇದ್ದವರಿಗೆ ಅಷ್ಟರ ಮಟ್ಟಿಗೆ ಅರ್ಥ ಇದೆ. ಆದರೆ ಕೇಳಿದವರ ತಾರೀಖು ಕರೆಂಟ್ ಇಲ್ಲ.

ಮೈಸೂರು_ಪಾಕ
ನೋಟಿಸ್‌ನಲ್ಲಿ ಕೋಡ್ 1 ಇದೆಯಾ, 3 ಇದೆಯಾ? 3 ಇದ್ದರೆ ಕಾರ್ಡ್‌ಗೆ ಫೋಟೋ ತೆಗೆಯುತ್ತಾರೆ. ಅಂದರೆ ಕಾರ್ಡ್ ರೆಡಿ ಮಾಡುತ್ತಿದ್ದಾರೆ ಅಂತ ನಮ್ಮ ಪಕ್ಕದ ಮನೆಯವರು ಹೇಳುತ್ತಿದ್ದರು.

ಹುಬ್ಬಳ್ಳಿ_ಮಿರ್ಚಿ
ಕೋಡ್ 1 ಅಂದರೆ ಬರೀ ಹತ್ತು ಬೆರಳು. 3 ಅಂದರೆ ಬೆರಳು, ಫೋಟೋ, ಸಹಿ ಎಲ್ಲಾ. ಅಲ್ಲಿ ಕುಂತವರಿಗೆ ಏನೇನು ತೆಗೀಬೇಕು ಅಂತ ಹೇಳೋದಕ್ಕೆ ಇರೋದು ಅದು. ನಮಗೆ ಮೊದಲನೇ ಸಲವೇ 3 ಇತ್ತು. ಕಾರ್ಡ್ ಬಂದದ್ದು ಯಾವಾಗಲೋ ಆಮೇಲೆ.

ತುಂಗೆಯ_ದಡ
ನಮ್ಮದು ಮೂವರಿಗೂ ಕೋಡ್ 3. ಮಗನಿಗೆ ಹೋದ ಸಲ ಬೆರಳಚ್ಚು ತೆಗೆದಿರಲಿಲ್ಲ. ಈಗ ಅವನಿಗೂ ಹತ್ತು ಬೆರಳು ತೆಗೆಯುತ್ತಾರಾ?

ಕೆರೆಯಂಗಳ
14 ವರ್ಷ ತುಂಬಿದ್ದರೆ ತೆಗೆಯುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಸಾಮಾನ್ಯವಾಗಿ ಪೂರ್ತಿ ಬೆರಳಚ್ಚು ತೆಗೆಯುತ್ತಿರಲಿಲ್ಲ. ನೋಟಿಸ್ ಮತ್ತು ಪಾಸ್‌ಪೋರ್ಟ್ ಇಟ್ಟುಕೊಂಡು ಹೋಗಿ.

ಎಡಿಸನ್_ಅಜ್ಜಿಮನೆ
ಬೆರಳಚ್ಚಿನ ಮಾತು ಬಂದದ್ದಕ್ಕೆ ನಮ್ಮ ಅತ್ತೆಯ ವಿಷಯ ಹೇಳುತ್ತೇನೆ. ಯಜಮಾನರು ಸಿಟಿಜನ್ ಆದ ಮೇಲೆ ಅತ್ತೆಗೆ ಗ್ರೀನ್ ಕಾರ್ಡ್‌ಗೆ ಹಾಕಿದೆವು. ಹಾಸನದ ಹತ್ತಿರದ ಹಳ್ಳಿಯವರು. ಜೀವನವಿಡೀ ಬೂದಿ ಹಚ್ಚಿ ಪಾತ್ರೆ ತಿಕ್ಕಿ, ರುಬ್ಬಿ, ಗದ್ದೆ ಕೆಲಸ ಮಾಡಿ ಬೆರಳಿನ ಗೆರೆಗಳೇ ಸವೆದುಹೋಗಿವೆ. ಊರಿನ ರೇಷನ್ ಅಂಗಡಿಯಲ್ಲೂ ಹೆಬ್ಬೆಟ್ಟು ತಗೊಳ್ಳುತ್ತಿರಲಿಲ್ಲ. ಇಲ್ಲಿಯೂ ಅದೇ ಆಯಿತು. ಮೊದಲ ಸಲ ಅಚ್ಚು ಸರಿ ಇಲ್ಲ ಅಂತ ವಾಪಸ್ ಬಂತು, ಮತ್ತೆ ಕರೆದರು. ಆಗಲೂ ಸರಿಯಾಗಿ ಮೂಡಲಿಲ್ಲ. ಕೊನೆಗೆ ಪೊಲೀಸ್ ಕ್ಲಿಯರೆನ್ಸ್ ಪತ್ರ ಕೇಳಿದರು. ಎರಡನೇ ಕರೆ ಬಂದಾಗ ನಮಗೂ ಎಲ್ಲರೂ "ಆಯಿತು ಬಿಡಿ, ಕಾರ್ಡ್ ಬಂತು" ಅಂದಿದ್ದರು. ಎರಡನೇ ಕರೆಗೆ ಹೀಗೂ ಕಾರಣ ಇರುತ್ತದೆ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಕೆಲವು ದಿನ ಮುಂಚಿನಿಂದ ಕೈಗೆ ಮಾಯಿಶ್ಚರೈಸರ್ ಹಚ್ಚಿ, ಪಾತ್ರೆ ತೊಳೆಯಲು ಬಿಡಬೇಡಿ. ಹೋಗುವ ಹೊತ್ತಿಗೆ ಕೈ ಒರೆಸಿ ಒಣಗಿಸಿಕೊಳ್ಳಲಿ.

ಮೈಸೂರು_ಪಾಕ
ನಮ್ಮ ಅಮ್ಮನಿಗೂ ಆಧಾರ್ ಮಾಡಿಸುವಾಗ ಇದೇ ಗೋಳು.

ರಾಲಿ_ರಾಗಿಮುದ್ದೆ
@ಎಡಿಸನ್_ಅಜ್ಜಿಮನೆ ತಂದೆ ತಾಯಿಯ ಕೇಸ್‌ಗೆ ನಂಬರ್ ಮಿತಿಯೇ ಇಲ್ಲ ಅಲ್ವಾ? ಹಾಗಾದರೆ ಅಲ್ಲಿ ಬೆರಳಚ್ಚಿನಿಂದ ಅಂದಾಜು ಮಾಡಬಹುದು.

ಎಡಿಸನ್_ಅಜ್ಜಿಮನೆ
ಹೌದು, ಸಿಟಿಜನ್‌ಗಳ ತಂದೆ, ತಾಯಿ, ಗಂಡ, ಹೆಂಡತಿಗೆ ವರ್ಷದ ಮಿತಿ ಇಲ್ಲ. ಅಲ್ಲಿ ಬೆರಳಚ್ಚು ಮುಗಿದರೆ ಒಂದು ಮೆಟ್ಟಿಲು ದಾಟಿದ ಹಾಗೆಯೇ. ಆದರೂ ಕೆಲವರಿಗೆ ಇಂಟರ್‌ವ್ಯೂ, ಕೆಲವರಿಗೆ ಇಲ್ಲ. ಒಂದೊಂದು ಊರಿನ ಆಫೀಸ್ ಒಂದೊಂದು ವೇಗ. ನಮ್ಮ ಅತ್ತೆಗೆ ಇಂಟರ್‌ವ್ಯೂ ಇಲ್ಲದೆ ಬಂತು, ನಮ್ಮ ಓರಗಿತ್ತಿಯ ತಾಯಿಗೆ ಕರೆದರು.

ನಿದ್ದೆಯಿಲ್ಲದ_ಅಪ್ಪ
ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನಾವೂ 2020 ಅಕ್ಟೋಬರ್‌ನವರು. ಮಗಳಿಗೆ 20 ತುಂಬಿದೆ. 21 ಆದರೆ ನಮ್ಮ ಕೇಸಿನಿಂದ ಹೊರಗೆ ಬೀಳುತ್ತಾಳಾ? ನಿಯಮ ಬದಲಾಗಿದೆ ಅಂತ ಓದಿದಾಗಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಅವಳು ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದಳು.

ರಾಲಿ_ರಾಗಿಮುದ್ದೆ
ಮೊದಲು ಸಮಾಧಾನ ಮಾಡಿಕೊಳ್ಳಿ. 2023 ಫೆಬ್ರವರಿ 14ರಂದು ಬಂದ ನಿಯಮದ ಪ್ರಕಾರ ಮಕ್ಕಳ ವಯಸ್ಸನ್ನು ಡೇಟ್ಸ್ ಫಾರ್ ಫೈಲಿಂಗ್ ಚಾರ್ಟ್ (ಅರ್ಜಿ ಯಾವಾಗ ಹಾಕಬಹುದು ಅಂತ ಹೇಳುವ ಪಟ್ಟಿ) ನೋಡಿ ಲೆಕ್ಕ ಹಾಕುತ್ತಿದ್ದರು. 2025 ಆಗಸ್ಟ್ 15ರಿಂದ ಫೈನಲ್ ಆಕ್ಷನ್ ಚಾರ್ಟ್‌ಗೆ ಬದಲಾಯಿಸಿದರು. ಆದರೆ ಆ ತಾರೀಖಿಗೆ ಮುಂಚೆ ಐ-485 ಹಾಕಿ ಬಾಕಿ ಇದ್ದವರಿಗೆ ಹಳೇ ಲೆಕ್ಕವೇ ನಡೆಯುತ್ತದೆ ಅಂತ ಅದರಲ್ಲೇ ಹೇಳಿದ್ದಾರೆ. ನಿಮ್ಮ ಮಗಳ ಅರ್ಜಿಯೂ 2020ರಲ್ಲೇ ಹೋಗಿದ್ದರೆ ಆಗಿನ ವಯಸ್ಸೇ ಲೆಕ್ಕಕ್ಕೆ ಬರುತ್ತದೆ. ಅದರಲ್ಲೂ ಐ-140 (ನಿಮಗಾಗಿ ಕಂಪನಿ ಹಾಕಿದ ಅರ್ಜಿ) ಬಾಕಿ ಇದ್ದ ದಿನಗಳನ್ನು ಕಳೆಯುತ್ತಾರೆ. ಆದರೂ ಒಬ್ಬ ಒಳ್ಳೆಯ ವಕೀಲರ ಹತ್ತಿರ ದಾಖಲೆ ತೋರಿಸಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ. ಇಂಥ ವಿಷಯಕ್ಕೆ ಖರ್ಚು ನೋಡಬೇಡಿ.

ನಿದ್ದೆಯಿಲ್ಲದ_ಅಪ್ಪ
ಅವಳ ಅರ್ಜಿಯೂ ನಮ್ಮ ಜೊತೆಯೇ ಹೋಗಿದೆ. ತುಂಬಾ ಧನ್ಯವಾದ. ಹೆಂಡತಿಗೆ ಈಗಲೇ ಓದಿ ಹೇಳುತ್ತೇನೆ.

ಅನಿವಾಸಿ_ಕೊಡಗು
ಹಳೇ_ಫೈಲ್ ಅವರೇ, ನೀವು 2007ರವರಾ? ಆಗಲೂ ಹೀಗೇ ಇತ್ತಾ?

ಹಳೇ_ಫೈಲ್
ಹೌದು, 2007 ಜುಲೈನವನು. ಆ ಜೂನ್‌ನಲ್ಲಿ ಬಂದ ಬುಲೆಟಿನ್‌ನಲ್ಲಿ ಉದ್ಯೋಗದ ವಿಭಾಗಗಳು ಹೆಚ್ಚುಕಡಿಮೆ ಎಲ್ಲವೂ ಕರೆಂಟ್ ಅಂತ ಬಂತು. ಜನ ರಜೆ ಹಾಕಿ, ಮೆಡಿಕಲ್ ಮಾಡಿಸಿ, ಊರಿಂದ ಜನನ ಪತ್ರ ತರಿಸಿಕೊಂಡು ಓಡಾಡಿದರು. ಜುಲೈ 2ರಂದು ನಂಬರ್ ಖಾಲಿ ಅಂತ ಹೇಳಿಬಿಟ್ಟರು. ಆಗ ನಮ್ಮವರು ಜಗಳಕ್ಕೆ ಹೋಗಲಿಲ್ಲ. ಯುಎಸ್‌ಸಿಐಎಸ್ ಮುಖ್ಯಸ್ಥರಿಗೆ ಹೂವಿನ ಗುಚ್ಛ ಕಳಿಸಿದರು. ದೇಶದ ಮೂಲೆಮೂಲೆಯಿಂದ ಹೂವು ಹೋಯಿತು. ಅವರು ಅದನ್ನು ಗಾಯಗೊಂಡ ಸೈನಿಕರಿದ್ದ ವಾಲ್ಟರ್ ರೀಡ್ ಆಸ್ಪತ್ರೆಗೆ ಕಳಿಸಿದರು. ಜುಲೈ 17ಕ್ಕೆ ತೀರ್ಮಾನ ಬದಲಾಗಿ, ಆಗಸ್ಟ್ 17ರವರೆಗೆ ಅರ್ಜಿ ತಗೊಂಡರು. ಅದನ್ನು ನೆನೆದರೆ ಈಗಲೂ ಹೆಮ್ಮೆ ಅನ್ನಿಸುತ್ತದೆ.

ಆಮೇಲೆ ವರ್ಷಗಟ್ಟಲೆ ಕಾದೆವು. ಬೆರಳಚ್ಚಿನ ಅವಧಿ ಮುಗಿದಾಗಲೆಲ್ಲಾ ಮತ್ತೆ ಕರೆ. ಪ್ರತಿ ಕರೆಗೂ ಮನೆಯಲ್ಲಿ ಪಾಯಸ. ಪ್ರತಿ ಸಲವೂ ಆಮೇಲೆ ಮೌನ. ಆಗ ಬೆರಳಚ್ಚಿಗಿಂತ ದೊಡ್ಡ ತೊಡಕು ಎಫ್‌ಬಿಐ ನೇಮ್ ಚೆಕ್, ಅಂದರೆ ಹೆಸರು ಹಿಡಿದು ಹಳೇ ದಾಖಲೆ ಹುಡುಕುವುದು. ಅದರಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡವರಿದ್ದರು. 2008ರ ಫೆಬ್ರವರಿಯಲ್ಲಿ, ನೇಮ್ ಚೆಕ್ 180 ದಿನಕ್ಕಿಂತ ಹೆಚ್ಚು ಬಾಕಿ ಇದ್ದರೆ, ಉಳಿದದ್ದೆಲ್ಲ ಸರಿ ಇರುವ ಕೇಸನ್ನು ಅಪ್ರೂವ್ ಮಾಡಬಹುದು ಅಂತ ನಿಯಮ ತಂದರು. ಹೆಂಡತಿಯ ಅಪ್ಪ ತೀರಿಕೊಂಡಾಗ, "ಮೊನ್ನೆ ತಾನೇ ಬೆರಳಚ್ಚು ಆಗಿದೆ, ಈಗ ದೇಶ ಬಿಟ್ಟರೆ ಏನಾಗುತ್ತದೋ" ಅಂತ ಯಾರೋ ಹೆದರಿಸಿದರು. ಅವಳು ಹೋಗಲಿಲ್ಲ. ಅದಕ್ಕೇ ಈ ಅಂದಾಜಿನ ಆಟ ಕಂಡರೆ ನನಗೆ ಸಿಟ್ಟು ಬರುತ್ತದೆ.

ಡಲ್ಲಾಸ್_ಜೋಳದರೊಟ್ಟಿ
ಇದನ್ನು ಓದಿ ಕಣ್ಣು ತುಂಬಿತು ಸರ್.

ಹುಬ್ಬಳ್ಳಿ_ಮಿರ್ಚಿ
@ತುಂಗೆಯ_ದಡ ಅಕ್ಕಾ, ನೀವು ತಂಗಿ ಮದುವೆಗೆ ಹೋಗ್ರಿ. ಬೆರಳಚ್ಚು ಮುಗಿಸಿಕೊಂಡು ಹೋಗ್ರಿ, ಅಷ್ಟೇ.

ಸಿಯಾಟಲ್_ಮಳೆ
ಇದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ಎಚ್ಚರ. ನೀವು ಇಎಡಿ (ಕೆಲಸದ ಪರವಾನಗಿ) ಮೇಲೆ ಕೆಲಸ ಮಾಡುತ್ತಿದ್ದರೆ ಅಡ್ವಾನ್ಸ್ ಪರೋಲ್ (ಎಪಿ, ಹೊರಗೆ ಹೋಗಿ ವಾಪಸ್ ಬರುವ ಅನುಮತಿ) ಇಲ್ಲದೆ ದೇಶ ಬಿಡಬೇಡಿ. ಬಿಟ್ಟರೆ ಐ-485 ಕೈಬಿಟ್ಟ ಹಾಗೆ ಆಗುತ್ತದೆ. ವಾಪಸ್ ಬರುವ ದಿನಕ್ಕೂ ಅದು ಊರ್ಜಿತ ಇರಬೇಕು. ಎಚ್-1ಬಿ ಮೇಲಿದ್ದು ಪಾಸ್‌ಪೋರ್ಟ್‌ನಲ್ಲಿ ಊರ್ಜಿತ ವೀಸಾ ಇದ್ದರೆ ಅದರ ಮೇಲೆ ಬರಬಹುದು.

ಮೈಸೂರು_ಪಾಕ
ಮದುವೆ ತಾರೀಖಿಗೇ ಬೆರಳಚ್ಚಿನ ದಿನ ಬಿದ್ದರೆ? ಹೋಗದೆ ಬಿಟ್ಟರೆ ಇನ್ನೊಂದು ದಿನ ಕೊಡುತ್ತಾರೆ ಅಲ್ವಾ?

ಕೆರೆಯಂಗಳ
ಹಾಗೆ ಮಾಡಲೇಬೇಡಿ! ಹೇಳದೆ ತಪ್ಪಿಸಿದರೆ ಅರ್ಜಿ ಕೈಬಿಟ್ಟಂತೆ ಅಂತ ತಿಳಿದು ತಿರಸ್ಕರಿಸಬಹುದು. ಆ ದಿನಕ್ಕೆ ಮುಂಚೆಯೇ ಆನ್‌ಲೈನ್ ಅಕೌಂಟ್‌ನಲ್ಲಿ ಸರಿಯಾದ ಕಾರಣ ಕೊಟ್ಟು ಬೇರೆ ದಿನ ಕೇಳಬೇಕು.

ಅನಿವಾಸಿ_ಕೊಡಗು
ಶಿವಮೊಗ್ಗಕ್ಕೆ ಈಗ ವಿಮಾನ ನಿಲ್ದಾಣವೇ ಇದೆ. 2023ರಲ್ಲಿ ಶುರುವಾಯಿತು. ಬೆಂಗಳೂರಿನಿಂದ ರಾತ್ರಿ ಬಸ್ಸಿನ ಕಷ್ಟ ಇಲ್ಲ.

ಎಡಿಸನ್_ಅಜ್ಜಿಮನೆ
ರೈಲೇ ಚೆಂದ. ಮಕ್ಕಳಿಗೂ ಊರು ನೋಡಿದ ಹಾಗಾಗುತ್ತದೆ.

ತುಂಗೆಯ_ದಡ
ಎಲ್ಲರಿಗೂ ಧನ್ಯವಾದ. ಬೆರಳಚ್ಚು ಮದುವೆಗಿಂತ ಸಾಕಷ್ಟು ಮುಂಚೆ ಇದೆ. ನಾವಿಬ್ಬರೂ ಇಎಡಿ ಮೇಲಿದ್ದೇವೆ, ಮೂವರ ಎಪಿಯೂ ಊರ್ಜಿತ ಇದೆ. ಟಿಕೆಟ್ ನೋಡಲು ಯಜಮಾನರಿಗೆ ಹೇಳಿದೆ. ಇನ್ನೊಂದೇ ಪ್ರಶ್ನೆ. ಬೆರಳಚ್ಚು ಬಿಟ್ಟು ನಿಜವಾಗಿ ಏನನ್ನು ನೋಡುತ್ತಿರಬೇಕು?

ರಾಲಿ_ರಾಗಿಮುದ್ದೆ
ಪ್ರತಿ ತಿಂಗಳ ಮಧ್ಯೆ ಬರುವ ಬುಲೆಟಿನ್. ಅದರಲ್ಲೂ ಫೈನಲ್ ಆಕ್ಷನ್ ಚಾರ್ಟ್. ಡೇಟ್ಸ್ ಫಾರ್ ಫೈಲಿಂಗ್ ಚಾರ್ಟ್ ಅರ್ಜಿ ಹಾಕಲು ಮಾತ್ರ, ಅಪ್ರೂವಲ್‌ಗೆ ಅಲ್ಲ. ಹಣಕಾಸು ವರ್ಷ ಅಕ್ಟೋಬರ್ 1ಕ್ಕೆ ಶುರು. ಮೊದಲ ಮೂರು ತ್ರೈಮಾಸಿಕಗಳಲ್ಲಿ ತಲಾ 27 ಪರ್ಸೆಂಟ್‌ಗಿಂತ ಜಾಸ್ತಿ ನಂಬರ್ ಬಳಸುವ ಹಾಗಿಲ್ಲ. ಹಾಗಾಗಿ ಬೇರೆಯವರು ಬಳಸದೆ ಉಳಿದದ್ದು ಏನಾದರೂ ಇದ್ದರೆ ಸಾಮಾನ್ಯವಾಗಿ ಜುಲೈನಿಂದ ಸೆಪ್ಟೆಂಬರ್ ನಡುವೆ ಗೊತ್ತಾಗುತ್ತದೆ. ಉಳಿಯದಿದ್ದರೆ ಅದೇ ತಿಂಗಳಲ್ಲಿ ತಾರೀಖು ಹಿಂದೆ ಹೋಗುವುದೂ ಉಂಟು. 2023 ಜುಲೈನಲ್ಲಿ ಭಾರತದ ಇಬಿ-3 2009 ಜನವರಿ 1ಕ್ಕೆ ಹೋಗಿತ್ತು.

ಹಳೇ_ಫೈಲ್
ಅದರ ಜೊತೆ ಮೆಡಿಕಲ್ ನೋಡಿಕೊಳ್ಳಿ. 2020ರಲ್ಲಿ ಕೊಟ್ಟ ಐ-693 (ಮೆಡಿಕಲ್ ಫಾರ್ಮ್) ಈಗ ನಡೆಯುವುದಿಲ್ಲ. ಹೊಸದು ಕೇಳಿ ಆರ್‌ಎಫ್‌ಇ (ಇನ್ನಷ್ಟು ದಾಖಲೆ ಕೇಳುವ ಪತ್ರ) ಬಂದರೆ, ಅದು ಬೆರಳಚ್ಚಿಗಿಂತ ಎಷ್ಟೋ ಒಳ್ಳೆಯ ಸೂಚನೆ. ಯಾರೋ ಫೈಲ್ ತೆರೆದು ನೋಡಿದ್ದಾರೆ ಅಂತ. ಆದರೆ ಅದು ಬಂದರೂ ನಂಬರ್ ಖಾಲಿಯಾಗಿ ಉಳಿದವರಿದ್ದಾರೆ. 2022ರಲ್ಲಿ ಹಾಗೇ ಆಯಿತು. ಆರ್‌ಎಫ್‌ಇಗೆ ಉತ್ತರ ಕೊಟ್ಟು ಕಾಯುತ್ತಿದ್ದವರ ಎದುರಿಗೇ ಸೆಪ್ಟೆಂಬರ್ ಮೊದಲ ವಾರದಲ್ಲಿ ಇಬಿ-2 ಮುಗಿಯಿತು ಅಂದರು. ಅಕ್ಟೋಬರ್‌ಗೆ ತಾರೀಖು 2014 ಡಿಸೆಂಬರ್‌ನಿಂದ 2012 ಏಪ್ರಿಲ್‌ಗೆ ಹೋಯಿತು.

ಕೆಲಸ ಬದಲಾಯಿಸಿದ್ದರೆ ಸಪ್ಲಿಮೆಂಟ್ ಜೆ (ಹೊಸ ಕೆಲಸವನ್ನು ಖಚಿತಪಡಿಸುವ ಫಾರ್ಮ್) ಸಿದ್ಧ ಇಟ್ಟುಕೊಳ್ಳಿ. ಅರ್ಜಿ 180 ದಿನ ದಾಟಿದ ಮೇಲೆ ಅದೇ ಥರದ ಕೆಲಸಕ್ಕೆ ಹೋಗಲು ಅಡ್ಡಿ ಇಲ್ಲ.

ಸಿಯಾಟಲ್_ಮಳೆ
ಶೀಟ್‌ಗೆ ಕಾಲಂ ಸೇರಿಸಿದೆ. ಇಲ್ಲಿರುವವರು ತಾರೀಖು ಕರೆಂಟ್ ಇತ್ತಾ ಇಲ್ಲವಾ ಅಂತ ತುಂಬಿ. ಕಾರ್ಡ್ ಬರದವರೂ ತುಂಬಿ, ದಯವಿಟ್ಟು.

ಕೆರೆಯಂಗಳ
ತುಂಬಿದೆ. ಫಿಂಗರ್‌ಪ್ರಿಂಟ್ ಎರಡು, ಕರೆಂಟ್ ಇಲ್ಲ, ಕಾರ್ಡ್ ಇಲ್ಲ.

ನಿದ್ದೆಯಿಲ್ಲದ_ಅಪ್ಪ
ನಾನೂ ತುಂಬಿದೆ. ನಾವು ಮುಂದಿನ ತಿಂಗಳು ಮನೆ ಬದಲಾಯಿಸುತ್ತಿದ್ದೇವೆ. ಅಡ್ರೆಸ್ ಪೋಸ್ಟ್ ಆಫೀಸಿಗೆ ಹೇಳಿದರೆ ಸಾಕಾ?

ರಾಲಿ_ರಾಗಿಮುದ್ದೆ
ಸಾಲದು. ಮನೆ ಬದಲಾದ 10 ದಿನದೊಳಗೆ ಯುಎಸ್‌ಸಿಐಎಸ್ ಅಕೌಂಟ್‌ನಲ್ಲಿ ಹೊಸ ವಿಳಾಸ ಕೊಡಬೇಕು. ಮಗಳ ಕೇಸಿಗೂ ಬದಲಾಗಿದೆಯಾ ಅಂತ ಬೇರೆಯಾಗಿ ನೋಡಿ.